ಬೂತಾಯಿಯೂ ಶುಕ್ರವಾರವೂ

ದೇವಾಲಯದ ಶತಮಾನೋತ್ಸವ ಸಂಚಿಕೆಯಲ್ಲಿ ಮೀನಿನ ಮಾತೇಕೆಂದು ಕೆಲವರು ಹುಬ್ಬೇರಿಸಬಹುದು. ಆದರೆ ಕರಾವಳಿಯಲ್ಲಿ ದೇವಾಲಯಗಳಿಗೆ ಕಲ್ಲು ಹೊತ್ತ ಬಡವರ ಗಂಜಿಗೆ ಜೊತೆಯಾದುದು ಯಾವುದೆಂಬುದೂ ಚರಿತ್ರೆಯೇ ಅಲ್ಲವೆ?

ತುಳುವಿನಲ್ಲಿ ಬೂತಾಯಿ, ಕೊಂಕಣಿಯಲ್ಲಿ ತಾರ್ಲೆ, ಕುಂದಾಪುರದ ಕನ್ನಡದಲ್ಲಿ ಬೈಗೆ ಎನಿಸಿಕೊಳ್ಳುವ ಈ ಮೀನು ಗೇಣುದ್ದಕ್ಕೆ ಮೀರಿ ಬೆಳೆಯುವುದು ಅಪರೂಪ. 1847ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ವಾಲೆನ್ಸಿಯೆನ್ ಇದಕ್ಕೆ ಶಾಸ್ತ್ರೀಯ ನಾಮವನ್ನಿತ್ತನು. ಮಳೆಗಾಲ ಕಳೆದು ದಡ ಸಮೀಪಿಸುವ ಹಿಂಡುಗಳನ್ನು ಹತ್ತಾರು ಮಂದಿ ಒಟ್ಟುಗೂಡಿ ರಾಂಪಣಿ ಬಲೆಯಿಂದ ಎಳೆಯುತ್ತಿದ್ದರು. ತಿಂದು ಮಿಕ್ಕುದನ್ನು ಬೇಯಿಸಿ ಎಣ್ಣೆ ತೆಗೆಯುತ್ತಿದ್ದರು. ಉಳಿದ ಹಿಂಡಿ ತೆಂಗಿನ ಬುಡಕ್ಕೆ. ಗೊಬ್ಬರವಾಗುವಷ್ಟು ಅಗ್ಗದ ಮೀನೆಂದು ಉಳ್ಳವರು ಮೂಗು ಮುರಿದರು. ಬಡವರು ಅದರಿಂದಲೇ ಬದುಕಿದರು.

ಅಡುಗೆಯಲ್ಲಿ ಆಡಂಬರವಿಲ್ಲ. ಒಣಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ, ಹುಣಸೆಗಳನ್ನು ಅರೆಯುವ ಕಲ್ಲಿನ ಮೇಲೆ ನುಣ್ಣಗೆ ಅರೆದು, ಮಣ್ಣಿನ ಮಡಕೆಯಲ್ಲಿ ಕುದಿಸಿ, ಮೀನನ್ನು ಕೊನೆಗೆ ಬಿಡಬೇಕು. ಸೌಟು ಹಾಕಿ ಕದಡಬಾರದು. ಮಡಕೆಯನ್ನೇ ಮೆಲ್ಲನೆ ಅಲುಗಿಸಬೇಕು. ಹುಣಸೆಗೆ ಬದಲು ಬಿಂಬುಳಿ ಹಾಕುವವರೂ ಉಂಟು. ಮರುದಿನ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಗೆ ಮಡಕೆಯ ತಳದ ಸಾರೇ ಮೇಲು ಎಂಬುದು ನನ್ನ ಪಕ್ಷಪಾತ. ಆ ಮೆಣಸಾದರೂ ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಬಂದುದೇ.

ಶುಕ್ರವಾರದ ಶುದ್ಧಭೋಜನ ಮಾಂಸವನ್ನು ನಿಷೇಧಿಸಿತು, ಮೀನನ್ನಲ್ಲ. ಮಾಂಸವೆಂಬುದನ್ನು ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಮನೆಯಲ್ಲಿ, ದಿನವೂ ಬೂತಾಯಿ ಉಣ್ಣುವವರಿಗೆ ಇದು ಯಾವ ತಪಸ್ಸು? 2005ರಲ್ಲಿ ಸ್ಥಾಪಿತವಾದ ಗುಲ್ಬರ್ಗ ಧರ್ಮಕ್ಷೇತ್ರದ ಪ್ರಥಮ ಧರ್ಮಾಧ್ಯಕ್ಷರಾದ ರಾಬರ್ಟ್ ಮೈಕಲ್ ಮಿರಾಂದ ಅವರು ದಕ್ಷಿಣ ಕನ್ನಡದವರು. ಹಾಗೆ ಕರಾವಳಿಯಿಂದ ಅಲ್ಲಿಗೆ ಹೋದವರಿಗೆ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ದೊರೆಯುವ ತಾಜಾ ಮೀನು ಭೀಮೆಯದು, ಕೆರೆಯದು. ಊಟವೆಂದರೆ ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ. ಶುಕ್ರವಾರದ ವಿಧಿ ಅಲ್ಲಿ ಮೀನಿನ ಆಸರೆಯಿಲ್ಲದೆ ನಿಲ್ಲಬೇಕು. 1966ರಲ್ಲಿ ಜಗದ್ಗುರು ಆರನೆಯ ಪೌಲರು, ಆಯಾ ದೇಶದ ಧರ್ಮಾಧ್ಯಕ್ಷರು ಮಾಂಸತ್ಯಾಗಕ್ಕೆ ಬದಲಾಗಿ ದಾನ, ಪ್ರಾರ್ಥನೆಗಳನ್ನೂ ವಿಧಿಸಬಹುದೆಂದರು. ಆ ಮಾತು ಊಟದ ತಟ್ಟೆಗಿಂತ ಆಳಕ್ಕೆ ಹೋಗುತ್ತದೆಂದು ನನಗೆ ತೋರುತ್ತದೆ.

1970ರ ದಶಕದಲ್ಲಿ ಯಂತ್ರದೋಣಿಯ ಪರ್ಸೀನ್ ಬಲೆಗಳು ಬಂದ ಮೇಲೆ ರಾಂಪಣಿ ಹಿಂದೆ ಸರಿಯಿತು. ಬೂತಾಯಿಯೂ ನಂಬಿಗಸ್ತ ಅತಿಥಿಯಲ್ಲ. ಕೆಲವು ವರ್ಷ ತುಂಬಿ ಬಂದು, ಕೆಲವು ವರ್ಷ ಕಾಣೆಯಾಗುತ್ತದೆ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ದೊರೆತ ಈ ಮೀನು 2021ರಲ್ಲಿ 3,297 ಟನ್ನಿಗೆ ಇಳಿಯಿತು. ಸಮುದ್ರದ ಉಷ್ಣತೆ, ಮಳೆಯ ಏರುಪೇರು, ಮರಿಮೀನುಗಳ ಬೇಟೆ, ಇವೆಲ್ಲವನ್ನೂ ತಜ್ಞರು ಹೆಸರಿಸುತ್ತಾರೆ. ಅಂಥ ವರ್ಷಗಳಲ್ಲಿ ಬಡವರ ಮೀನು ಬಡವರ ಬುಟ್ಟಿಗೆ ದುಬಾರಿಯಾಯಿತು.