ಹೊಲದ ಕೋವಿ, ಮನೆಯ ಭಯ



ಮಂಡ್ಯದ ವಿ.ಸಿ. ಫಾರಂಗೆ ಆ ಹೆಸರು ಬಂದದ್ದು ವಿಶ್ವೇಶ್ವರಯ್ಯ ನಾಲೆಯಿಂದ. ನಾಲೆಯ ನೀರು ಭತ್ತ, ಕಬ್ಬು ಬೆಳೆಸಿತು. ಬೆಳೆದದ್ದನ್ನು ಕಾಯುವುದೂ ರೈತನ ಕೆಲಸವೇ. ಅದಕ್ಕಾಗಿ ಪರವಾನಗಿ ಪಡೆದು ಅವನು ಕೋವಿ ಇಟ್ಟುಕೊಳ್ಳಬಹುದು. ಆದರೆ ಗಮನಿಸಿ: ಹೊಲಕ್ಕೆಂದು ಪಡೆದ ಕೋವಿ ಇರುವುದು ಮನೆಯಲ್ಲಿ. ಆ ಮನೆಯಲ್ಲಿ ಹೆಂಡತಿಯನ್ನು ಹೊಡೆಯುವವನಿದ್ದರೆ?

ಈ ಪ್ರಶ್ನೆಯನ್ನು ಕಾನೂನು ಬಹುಕಾಲ ಕೇಳಲಿಲ್ಲ. 1857ರ ದಂಗೆಯನ್ನು ಕಂಡಿದ್ದ ಬ್ರಿಟಿಷರು 1878ರಲ್ಲಿ ಆಯುಧ ಕಾಯಿದೆ ತಂದರು. ಪ್ರಜೆಗಳ ಕೈಗೆ ಆಯುಧ ಸಿಗದಿರಲಿ ಎಂಬುದು ಅವರ ಚಿಂತೆ. ಸ್ವತಂತ್ರ ಭಾರತದ 1959ರ ಕಾಯಿದೆ ಬೆಳೆ ರಕ್ಷಣೆಗೆ, ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು ಒಪ್ಪಿತು. ಸಾರ್ವಜನಿಕ ಶಾಂತಿಗಾಗಿ ಪರವಾನಗಿ ರದ್ದುಪಡಿಸುವ ಅಧಿಕಾರವನ್ನೂ ಅದರ 17ನೆಯ ಕಲಮು ನೀಡಿತು. ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಯಲ್ಲಿ ಇಡಿಸುವ ರೂಢಿ ಇಂಥ ಶಾಂತಿಗಾಗಿಯೇ.

ಹಾಗಾದರೆ ಮನೆಯ ಶಾಂತಿ? ಆ ಕಥೆ ಬೇರೆಯೇ ದಾರಿ ಹಿಡಿಯಿತು. ಗಂಡ ಮತ್ತು ಅವನ ಬಂಧುಗಳ ಕ್ರೌರ್ಯವನ್ನು ಪ್ರತ್ಯೇಕ ಅಪರಾಧವೆಂದು ದಂಡಸಂಹಿತೆ ಹೆಸರಿಸಿದ್ದು 1983ರಲ್ಲಿ. 2005ರ ಕೌಟುಂಬಿಕ ಹಿಂಸೆ ಕಾಯಿದೆ ಏಟಿನ ಜೊತೆಗೆ ಬೆದರಿಕೆಯನ್ನೂ ಹಿಂಸೆಯೆಂದು ಎಣಿಸಿತು. ಅದರ 2006ರ ನಿಯಮಗಳಲ್ಲಿ ಎರಡು ದಾರಿಗಳೂ ಕೂಡಿದವು: ಮ್ಯಾಜಿಸ್ಟ್ರೇಟರು ಲಿಖಿತವಾಗಿ ಆದೇಶಿಸಿದರೆ, ಸಂರಕ್ಷಣಾಧಿಕಾರಿ ಪೊಲೀಸರ ನೆರವಿನಿಂದ ಹಿಂಸೆಗೆ ಬಳಸಿದ ಆಯುಧವನ್ನು ವಶಪಡಿಸಿಕೊಳ್ಳಬಹುದು.

ಇದು ಎಷ್ಟು ಮುಖ್ಯವೆಂಬುದನ್ನು ಅಮೆರಿಕದ ಅನುಭವ ತಿಳಿಸುತ್ತದೆ. ಅಲ್ಲಿನ 11 ನಗರಗಳ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಹಿಂಸಿಸುವ ಸಂಗಾತಿಯ ಕೈಗೆ ಬಂದೂಕು ಸಿಗುವಂತಿದ್ದರೆ ಹೆಣ್ಣು ಕೊಲೆಯಾಗುವ ಅಪಾಯ ಸುಮಾರು ಐದು ಪಟ್ಟು ಹೆಚ್ಚೆಂದು ಅದು ಕಂಡುಕೊಂಡಿತು. ಮನೆಯವರ ಮೇಲೆ ಕೈಮಾಡಿ ಶಿಕ್ಷೆಗೊಳಗಾದವರಿಗೆ ಬಂದೂಕು ಸಲ್ಲದೆಂದು ಅಲ್ಲಿ 1996ರಲ್ಲೇ ಕಾನೂನಾಗಿತ್ತು. ನ್ಯಾಯಾಲಯದ ರಕ್ಷಣಾದೇಶಕ್ಕೆ ಒಳಗಾದ ಅಪಾಯಕಾರಿ ವ್ಯಕ್ತಿಯಿಂದಲೂ ಬಂದೂಕನ್ನು ದೂರವಿಡಬಹುದೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ನಮ್ಮಲ್ಲೂ ಹಿಂಸೆಯ ಅಪರಾಧಕ್ಕೆ ಸೆರೆಮನೆ ಕಂಡವನು ಬಿಡುಗಡೆಯಾದ ಮೇಲೆ ಐದು ವರ್ಷ ಕೋವಿ ಹೊಂದುವಂತಿಲ್ಲ. ಆದರೆ ಎಷ್ಟೋ ಮನೆಗಳ ಏಟು ನ್ಯಾಯಾಲಯದ ಮೆಟ್ಟಿಲನ್ನೇ ಹತ್ತುವುದಿಲ್ಲ. ಗೋಡೆಗೆ ಒರಗಿಸಿದ ಕೋವಿ ಸಿಡಿಯಬೇಕಿಲ್ಲ. ಕಂಡರೇ ಸಾಕು, ದೂರು ಹೇಳಬೇಕಾದ ಬಾಯಿ ಕಟ್ಟಿಹೋಗುತ್ತದೆ.

ಆದ್ದರಿಂದ ನೆರೆಮನೆಯ ತಾಯಿಯೋ ಅಕ್ಕನೋ ಕಷ್ಟ ಹೇಳಿಕೊಂಡರೆ, ಮನೆಯಲ್ಲಿ ಕೋವಿಯಿದೆಯೇ ಎಂದು ಮೆಲ್ಲಗೆ ಕೇಳಿ. ಇದ್ದರೆ 181 ಅಥವಾ 112ಕ್ಕೆ ಕರೆ ಮಾಡಿದಾಗ ಆ ಮಾತನ್ನು ಮೊದಲು ತಿಳಿಸಿ. ಚುನಾವಣೆಗಾಗಿ ಠಾಣೆ ಸೇರುವ ಕೋವಿ ಒಂದು ಜೀವಕ್ಕಾಗಿಯೂ ಮನೆ ಬಿಡಬಹುದು.