ಊರು ನೋಡಿದವರು ಕೂತ ಜಾಗ

1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಗೆ ಮೂವತ್ತೊಂದು ವಯಸ್ಸಿನ ಅಯ್ಯಂಗಾರಿ ತರುಣರೊಬ್ಬರು ಬಂದಿಳಿದರು. ಆಕ್ಸ್‌ಫರ್ಡಿನಲ್ಲಿ ಉಪನ್ಯಾಸಕ ಹುದ್ದೆ ಸಿಕ್ಕಿತ್ತು, ಮೊದಲ ವರ್ಷವನ್ನು ಹಳ್ಳಿಯಲ್ಲೇ ಕಳೆಯಲು ಅನುಮತಿಯೂ ಇತ್ತು. ಸ್ನಾನ ಮುಗಿಸಿ ಆಮೇಲೆ ಗಡ್ಡ ಹೆರೆದುಕೊಳ್ಳುವುದು ಅವರ ರೂಢಿ. ಊರಿನವರಿಗೆ ಇದು ಸರಿಬರಲಿಲ್ಲ. ಬ್ರಾಹ್ಮಣರಾದವರು ಕ್ಷೌರ ಮಾಡಿಕೊಂಡು ಆಮೇಲೆ ಮೀಯಬೇಕಲ್ಲವೇ ಎಂದು ತಿದ್ದಿದರು. ಊರನ್ನು ನೋಡಲು ಬಂದವರನ್ನು ಊರು ಮೊದಲೇ ನೋಡಿ, ಅವರಿಗೊಂದು ಜಾಗ ಗೊತ್ತುಮಾಡಿಬಿಟ್ಟಿತ್ತು. ಬಂದವರು ಎಂ.ಎನ್. ಶ್ರೀನಿವಾಸ್. ಹಳ್ಳಿಗೆ ಅವರಿಟ್ಟ ಹೆಸರು ರಾಮಪುರ.

ನಮ್ಮ ದೇಶದ ಸಮಾಜಶಾಸ್ತ್ರದ ಕಥೆಯನ್ನು ಈ ಜಾಗದ ಪ್ರಶ್ನೆಯಿಂದ ಓದುವುದು ನನಗೆ ಇಷ್ಟ. ಯಾರು, ಎಲ್ಲಿ ಕೂತು ನೋಡಿದರು? ಆಗುಸ್ತ್ ಕೋಂತ್ 1830ರ ದಶಕದಲ್ಲಿ ಈ ಶಾಸ್ತ್ರಕ್ಕೆ ಹೆಸರಿಟ್ಟದ್ದು, ಎಮಿಲ್ ಡರ್ಖೈಮ್ 1897ರಲ್ಲಿ ಆತ್ಮಹತ್ಯೆಯಂಥ ಒಂಟಿ ಕೃತ್ಯದ ಹಿಂದೆಯೂ ಸಮಾಜವನ್ನು ಕಂಡದ್ದು ಎಲ್ಲ ಪಠ್ಯಗಳಲ್ಲೂ ಸಿಗುತ್ತದೆ. ನಮ್ಮಲ್ಲಿ ಮೊದಲು ನೋಡಿದವರು ಕುದುರೆಯ ಮೇಲೋ ಕಚೇರಿಯ ಮೇಜಿನ ಹಿಂದೆಯೋ ಇದ್ದವರು. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಮೈಸೂರು, ಕೆನರಾ, ಮಲಬಾರುಗಳ ದಾರಿ ಹಿಡಿದು ಬೆಳೆ, ಕಸುಬು, ಜಾತಿಗಳನ್ನೆಲ್ಲ ಬರೆದುಕೊಂಡ. ಕಂಪನಿಗೆ ಹೊಸ ಆಸ್ತಿಯ ಲೆಕ್ಕ ಬೇಕಿತ್ತು. ನಮ್ಮ ಸೀಮೆಯಲ್ಲೇ ವರ್ಷಗಟ್ಟಲೆ ಇದ್ದ ಪಾದ್ರಿ ದುಬ್ವಾ ಹಿಂದೂಗಳ ಆಚಾರಗಳ ಬಗ್ಗೆ ದೊಡ್ಡ ಪುಸ್ತಕ ಕೊಟ್ಟ. ಅದರಲ್ಲಿ ಬಹುಭಾಗ ತನಗಿಂತ ಹಿಂದಿನ ಇನ್ನೊಬ್ಬ ಪಾದ್ರಿಯ ಬರಹದಿಂದ ಎತ್ತಿದ್ದು ಎಂದು 20ನೇ ಶತಮಾನದ ವಿದ್ವಾಂಸರು ತೋರಿಸಿದರು. ನಕಲು ಮಾಡಿ ಹೆಸರು ಗಳಿಸುವ ವಿದ್ಯೆ ಇಂದಿನದಲ್ಲ! 20ನೇ ಶತಮಾನದ ಮೊದಲಲ್ಲಿ ಎಚ್.ವಿ. ನಂಜುಂಡಯ್ಯನವರು ಮೈಸೂರಿನ ಜಾತಿ, ಬುಡಕಟ್ಟುಗಳ ಸರ್ವೆ ಆರಂಭಿಸಿದರು. ಎಲ್.ಕೆ. ಅನಂತಕೃಷ್ಣ ಅಯ್ಯರ್ ಅದನ್ನು ನಾಲ್ಕು ಸಂಪುಟಗಳಾಗಿ ಮುಗಿಸಿದರು. ಜಾತಿಗೊಂದು ಅಧ್ಯಾಯವಿದೆ. ಒಂದು ಜಾತಿ ಇನ್ನೊಂದರ ಎದುರು ಹೇಗೆ ನಡೆದುಕೊಳ್ಳುತ್ತಿತ್ತು ಎಂದು ಕೇಳಿದರೆ ಸಂಪುಟಗಳು ಹೆಚ್ಚೇನೂ ಹೇಳವು.

ವಿಶ್ವವಿದ್ಯಾಲಯದೊಳಕ್ಕೆ ಈ ವಿಷಯ ಕಾಲಿಟ್ಟದ್ದು 1919ರಲ್ಲಿ, ಬೊಂಬಾಯಿಯಲ್ಲಿ, ನಗರ ಯೋಜಕ ಪ್ಯಾಟ್ರಿಕ್ ಗೆಡೆಸ್ ಮೂಲಕ. ಬೇರು ಬಿಟ್ಟದ್ದು ಮಾತ್ರ 1924ರಲ್ಲಿ ಜಿ.ಎಸ್. ಘುರ್ಯೆ ವಿಭಾಗದ ಹೊಣೆ ಹೊತ್ತ ಮೇಲೆ. ಘುರ್ಯೆ ಸಂಸ್ಕೃತ ಪಂಡಿತರು, ಜಾತಿಯನ್ನು ಶಾಸ್ತ್ರಗ್ರಂಥಗಳ ಮೂಲಕ ಹಿಡಿಯಬಲ್ಲವರು. ಇತ್ತ ಮೈಸೂರಿನಲ್ಲಿ ತತ್ವಶಾಸ್ತ್ರದ ಎ.ಆರ್. ವಾಡಿಯಾ ಸಮಾಜಶಾಸ್ತ್ರಕ್ಕೆ ಪಠ್ಯದಲ್ಲಿ ಎಡೆ ಮಾಡಿಕೊಟ್ಟಿದ್ದರು. ಅಲ್ಲಿ ಓದಿ ಶ್ರೀನಿವಾಸ್ ಘುರ್ಯೆಯವರ ಬಳಿ ಹೋದರು. ಮೈಸೂರಿನ ಮದುವೆ, ಕುಟುಂಬಗಳನ್ನು ಕುರಿತ ಅವರ ಮೊದಲ ಪುಸ್ತಕ ಬಂದದ್ದು 1942ರಲ್ಲಿ.

ಆಕ್ಸ್‌ಫರ್ಡಿನಲ್ಲಿ ಅವರು ಕಲಿತದ್ದು ಗ್ರಂಥ ಮುಚ್ಚಿಟ್ಟು ಜನರ ನಡುವೆ ಇದ್ದು ನೋಡುವ ವಿದ್ಯೆ. ಗ್ರಂಥದಲ್ಲಿ ನಾಲ್ಕೇ ವರ್ಣ, ಮೆಟ್ಟಿಲು ಮೆಟ್ಟಿಲಾಗಿ ಸ್ಥಿರ. ಊರಿನಲ್ಲಿ ಹತ್ತಾರು ಜಾತಿ, ನಿನಗಿಂತ ನಾನು ಮೇಲು ಎಂಬ ಮುಗಿಯದ ಜಗಳ. ಕೊಡವರನ್ನು ಕುರಿತ 1952ರ ಪುಸ್ತಕದಲ್ಲಿ ‘ಸಂಸ್ಕೃತೀಕರಣ’ ಎಂಬ ಮಾತನ್ನು ಅವರು ಚಲಾವಣೆಗೆ ತಂದರು. ಕೆಳಗಿನ ಜಾತಿ ಮೇಲಿನವರ ಊಟ, ಪೂಜೆ, ನಡೆಗಳನ್ನು ಹಿಡಿದು ಒಂದೆರಡು ತಲೆಮಾರಿನಲ್ಲಿ ಮೇಲಿನ ಸ್ಥಾನ ಕೇಳುವುದೇ ಇದು. ರಾಮಪುರ ಇನ್ನೊಂದು ಪಾಠ ಕಲಿಸಿತು. ಅಲ್ಲಿ ಬ್ರಾಹ್ಮಣರಿಗೆ ಮಡಿಯ ಹಿರಿತನವಿದ್ದರೂ ಊರು ನಡೆಯುತ್ತಿದ್ದದ್ದು ಒಕ್ಕಲಿಗ ಪಟೇಲರ ಮಾತಿನಲ್ಲಿ. ಹೊಲ, ತಲೆ ಎಣಿಕೆ, ತೋಳಬಲ ಮೂರೂ ಇದ್ದ ಜಾತಿಯನ್ನು ಶ್ರೀನಿವಾಸ್ ‘ಪ್ರಬಲ ಜಾತಿ’ ಎಂದರು. ಚುನಾವಣೆ ಬಂದಾಗಲೆಲ್ಲ ಟೀವಿಯಲ್ಲಿ ಕೇಳುವ ‘ವೋಟ್ ಬ್ಯಾಂಕ್’ ಎಂಬ ಮಾತು ಹುಟ್ಟಿದ್ದೂ ರಾಮಪುರದ ಮೇಲಿನ ಅವರ 1955ರ ಪ್ರಬಂಧದಲ್ಲಿ ಎನ್ನುತ್ತಾರೆ.

ನನಗೆ ಇದಕ್ಕಿಂತ ರುಚಿಯಾಗಿ ಕಾಣುವುದು ಮಂಡ್ಯದ ಎರಡು ಹಳ್ಳಿಗಳ ಕಥೆ. 1950ರ ದಶಕದ ನಡುವೆ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಅರ್ಥಶಾಸ್ತ್ರ ಬಲ್ಲ ಮಾನವಶಾಸ್ತ್ರಜ್ಞೆ ಅಲ್ಲಿಗೆ ಬಂದರು. ಅವರ ಪುಸ್ತಕದ ವಂಗಲಕ್ಕೆ ನಾಲೆಯ ನೀರು ಹರಿದಿತ್ತು, ದಲೇನ ನಾಲೆಗಿಂತ ಎತ್ತರದಲ್ಲಿದ್ದು ಖುಷ್ಕಿಯಾಗಿಯೇ ಉಳಿದಿತ್ತು. ನೀರು ಬಂದ ಊರೇ ಬದಲಾಗಿರಬೇಕು ಎಂದುಕೊಳ್ಳುತ್ತೇವೆ. ಆದದ್ದು ತಿರುಗುಮುರುಗು. ವಂಗಲದವರು ಕಬ್ಬು ಹಾಕಿ ಕಾಸು ಕಂಡರು. ಆದರೆ ಬೇಸಾಯವೇ ಕೈ ಹಿಡಿದದ್ದರಿಂದ ಒಕ್ಕಲಿಗ ಯಜಮಾನ, ದಲಿತ ಆಳು ಎಂಬ ಹಳೆಯ ನಂಟು ಹಾಗೇ ಮುಂದುವರಿಯಿತು. ಸುತ್ತಲಿನ ಸಿರಿ ನೋಡುತ್ತಾ ಒಣಗಿದ ಹೊಲದಲ್ಲಿ ಕೂರಲಾಗದೆ ದಲೇನದವರು ಮಂಡ್ಯಕ್ಕೆ ಕೆಲಸಕ್ಕೆ ಹೋದರು, ಗಿರಣಿ ಹಾಕಿದರು, ವ್ಯಾಪಾರ ಹಿಡಿದರು, ಬೇರೆ ಊರಲ್ಲಿ ಗದ್ದೆ ಕೊಂಡರು. ಅಲ್ಲಿ ತಲೆಮಾರುಗಳ ಆಳುಗಾರಿಕೆಯ ಕಟ್ಟು ಸಡಿಲವಾಯಿತು. ಎಪ್‌ಸ್ಟೀನ್ ಇದನ್ನು 1962ರಲ್ಲಿ ಪ್ರಕಟಿಸಿದರು. ನೀರಾವರಿ ಯೋಜನೆ ಉದ್ಘಾಟಿಸುವ ಮಂತ್ರಿಗಳ ಭಾಷಣದಲ್ಲಿ ಈ ಪುಸ್ತಕದ ಸುದ್ದಿ ಬಂದದ್ದನ್ನು ನಾನಂತೂ ಕೇಳಿಲ್ಲ.

ರಾಮಪುರದ ಪುಸ್ತಕ ತಡವಾಯಿತು. 1970ರ ಏಪ್ರಿಲಿನಲ್ಲಿ ಶ್ರೀನಿವಾಸ್ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡಿನಲ್ಲಿ ಬರೆಯಲು ಕೂತಿದ್ದಾಗ ಯಾರೋ ಕಟ್ಟಡಕ್ಕೆ ಬೆಂಕಿ ಹಚ್ಚಿದರು. ವರ್ಷಗಟ್ಟಲೆ ಶ್ರಮಪಟ್ಟು ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಉರಿದುಹೋದವು. ಹಳ್ಳಿಯಲ್ಲಿ ಬರೆದಿಟ್ಟ ಮೂಲ ಟಿಪ್ಪಣಿ ದೆಹಲಿಯಲ್ಲಿದ್ದದ್ದು ಉಳಿಯಿತು. ನೆನಪಿನಿಂದಲೇ ಬರೆ ಎಂದು ಸೋಲ್ ಟ್ಯಾಕ್ಸ್ ಎಂಬ ಹಿರಿಯರು ಧೈರ್ಯ ಹೇಳಿದರು. 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಬಂತು. ಕೋಷ್ಟಕ ಕಡಿಮೆ, ಮನುಷ್ಯರು ಹೆಚ್ಚು. ಟಿಪ್ಪಣಿ ಸುಡದಿದ್ದರೆ ಇಷ್ಟು ಒಳ್ಳೆಯ ಪುಸ್ತಕ ಆಗುತ್ತಿರಲಿಲ್ಲವೇನೋ ಎಂಬ ಅನುಮಾನ ನನಗಿದೆ.

ಎರಡೇ ವರ್ಷಕ್ಕೆ ಮೈಸೂರಿನಿಂದಲೇ ಉತ್ತರ ಬಂತು. ಮೈಸೂರು ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ, ದಲಿತ ಸಮುದಾಯದಿಂದ ಬಂದ ಸಿ. ಪಾರ್ವತಮ್ಮ 1978ರ ತಮ್ಮ ವಿಮರ್ಶೆಯ ತಲೆಬರಹದಲ್ಲೇ ಅದನ್ನು ಬ್ರಾಹ್ಮಣ ಯಾತ್ರೆ ಎಂದು ಕರೆದರು. ಪಟೇಲರ ಎತ್ತಿನ ಮನೆಯಲ್ಲಿ ತಂಗಿ, ಅಡುಗೆಯವನನ್ನು ಜೊತೆಗೆ ತಂದವರಿಗೆ ದಲಿತರ ಕೇರಿ ಎಷ್ಟು ಕಂಡೀತು? ತಮ್ಮ ನೋಟ ಮೇಲ್ಜಾತಿಯ ಕಡೆಗೆ ವಾಲಿತ್ತೆಂದು ಶ್ರೀನಿವಾಸ್ ಆ ಪುಸ್ತಕದಲ್ಲೇ ಒಪ್ಪಿಕೊಂಡಿದ್ದಾರೆ. ಆ ಒಪ್ಪಿಗೆ ದೊಡ್ಡದು, ಆದರೆ ಅದರಿಂದ ಕೇರಿ ಪುಸ್ತಕದೊಳಗೆ ಬರುವುದಿಲ್ಲ.

ಕೇರಿ ಬಂದದ್ದು ಬೇರೆ ಬಾಗಿಲಿನಿಂದ, ಕನ್ನಡದಲ್ಲಿ, ಆತ್ಮಕಥೆಯಾಗಿ. ಮಾಗಡಿ ಕಡೆಯ ಮಂಚನಬೆಲೆಯ ಸಿದ್ಧಲಿಂಗಯ್ಯ ‘ಊರುಕೇರಿ’ ಬರೆದಾಗ ಅದನ್ನು ಸಮಾಜಶಾಸ್ತ್ರವೆಂದು ಬರೆಯಲಿಲ್ಲ. ಆದರೂ ಈ ವಿಷಯ ಓದಲು ಎಲ್ಲಿಂದ ಶುರು ಮಾಡಲಿ ಎಂದು ಹುಡುಗರು ಕೇಳಿದರೆ ನಾನು ರಾಮಪುರದ ಪುಸ್ತಕದ ಜೊತೆ ‘ಊರುಕೇರಿ’ಯನ್ನೂ ಕೈಗಿಡುತ್ತೇನೆ, ಅದನ್ನೇ ಮೊದಲು ಓದು ಎನ್ನುತ್ತೇನೆ.