ಹಾಡಿನ ಒಡೆತನ ಮತ್ತು ಹಲಸಂಗಿ ಗೆಳೆಯರು

ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿ ವಿಜಾಪುರ ಜಿಲ್ಲೆಯಲ್ಲಿ ಎರಡು ಬಗೆಯ ಸಂಗ್ರಹಕಾರ್ಯಗಳು ಏಕಕಾಲಕ್ಕೆ ನಡೆದವು. ಒಂದು, ವಿಜಾಪುರದ ವಕೀಲ ಫ.ಗು. ಹಳಕಟ್ಟಿಯವರು (1880–1964) ಕೈಗೊಂಡ ವಚನಗಳ ತಾಡೋಲೆಗಳ ಶೋಧ. ಇನ್ನೊಂದು, ಇಂಡಿ ತಾಲೂಕಿನ ಹಲಸಂಗಿಯಲ್ಲಿ ಕೆಲವು ತರುಣರು ತೊಡಗಿಸಿಕೊಂಡ ಹಾಡುಗಳ ಸಂಗ್ರಹ. ಮೊದಲನೆಯದಕ್ಕೆ ಕನ್ನಡ ಸಂಶೋಧನೆಯಲ್ಲಿ ದೊರೆತ ವಿಸ್ತಾರವಾದ ವಿವೇಚನೆ ಎರಡನೆಯದಕ್ಕೆ ದೊರೆತಿಲ್ಲ. ಹಲಸಂಗಿ ಗೆಳೆಯರನ್ನು ಜನಪದ ಸಾಹಿತ್ಯದ ಆದ್ಯರೆಂದು ಸ್ಮರಿಸುವುದು ರೂಢಿ. ಆದರೆ ಅವರು ಯಾರ ಬಳಿಯಿದ್ದುದನ್ನು ಯಾರ ಕೈಗೆ ದಾಟಿಸಿದರು, ಆ ದಾಟುವಿಕೆಯಲ್ಲಿ ಏನು ಉಳಿಯಿತು, ಏನು ಬಿಟ್ಟುಹೋಯಿತು ಎಂಬುದು ಪ್ರತ್ಯೇಕವಾಗಿ ಪರಿಶೀಲಿಸತಕ್ಕ ವಿಷಯ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳು ಭೀಮಾ ಮತ್ತು ಕೃಷ್ಣೆಯರ ನಡುವಿನ ಎರೆಭೂಮಿಯ ಸೀಮೆ. ಬಿಳಿಜೋಳ ಇಲ್ಲಿಯ ಮುಖ್ಯ ಬೆಳೆ, ರೊಟ್ಟಿ ಮುಖ್ಯ ಆಹಾರ. ಜೋಳದ ಹಿಟ್ಟನ್ನು ಬಹಳ ದಿನ ಇಡಲಾಗದು. ಹಳತಾದ ಹಿಟ್ಟಿನ ರೊಟ್ಟಿ ತಟ್ಟುವಾಗಲೇ ಹರಿಯುತ್ತದೆ. ಆದುದರಿಂದ ಹಿಟ್ಟಿನ ಗಿರಣಿ ಬರುವ ಮುನ್ನ ಪ್ರತಿ ಮನೆಯಲ್ಲೂ ಬೆಳಗಿನ ಜಾವ ಬೀಸುವ ಕಲ್ಲು ತಿರುಗಲೇಬೇಕಾಗಿತ್ತು. ಈ ನಿತ್ಯದ ದುಡಿಮೆಯೇ ತ್ರಿಪದಿಯ ಬಾಳಿಕೆಗೆ ಕಾರಣ. ಕ್ರಿ.ಶ. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಕಾಣಿಸಿಕೊಳ್ಳುವ ಛಂದಸ್ಸು, ಸಾವಿರದ ಇನ್ನೂರು ವರ್ಷಗಳ ಅನಂತರ ಅದೇ ಸೀಮೆಯ ಹೆಂಗಸರ ಬಾಯಲ್ಲಿ ಜೀವಂತವಾಗಿತ್ತು. (1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರ್ಪಡುವವರೆಗೆ ಬಾದಾಮಿಯೂ ವಿಜಾಪುರ ಜಿಲ್ಲೆಯದೇ ಆಗಿತ್ತೆಂಬುದನ್ನು ನೆನೆಯಬಹುದು.)

ಬೀಸುವ ಕಲ್ಲಿನ ಹಾಡಿಗೆ ಒಡೆಯರಿರಲಿಲ್ಲ. ತವರಿನಿಂದ ಗಂಡನ ಮನೆಗೆ ಬಂದ ಹೆಣ್ಣು ತನ್ನ ಊರಿನ ಹಾಡನ್ನೂ ತಂದಳು. ಜೊತೆಗೆ ಕಲ್ಲು ಹಿಡಿದವಳು ಅದನ್ನು ಕಲಿತು ತನ್ನ ಒಂದು ನುಡಿ ಸೇರಿಸಿದಳು. ಸಿಂದಗಿಯ ಕಡೆಯ ಹಾಡು ಮುದ್ದೇಬಿಹಾಳದ ಹಳ್ಳಿಯಲ್ಲಿ ಕೇಳಿಬರಲು ಬೀಗತನವೊಂದು ಸಾಕಾಗಿತ್ತು. ಯಾರದೆಂದು ಕೇಳುವ ಪ್ರಶ್ನೆ ಅಲ್ಲಿ ಏಳುತ್ತಿರಲಿಲ್ಲ.

ಲಾವಣಿಯ ಸ್ಥಿತಿ ಇದಕ್ಕೆ ತೀರ ಭಿನ್ನ. ಸೊಲ್ಲಾಪುರದ ಗಡಿಗೆ ಹೊಂದಿಕೊಂಡ ಇಂಡಿ ಸೀಮೆಯಲ್ಲಿ ಮರಾಠಿ ಶಾಹೀರರ ಪರಂಪರೆಯೊಡನೆ ಕೊಡುಕೊಳು ನಡೆಸುತ್ತ ಬೆಳೆದ ಲಾವಣಿ, ಸ್ಪರ್ಧೆಯ ಹಾಡು. ಶಿವಪಾರಮ್ಯವನ್ನು ಎತ್ತಿಹಿಡಿಯುವ ಹರದೇಶಿ ಮೇಳ ಒಂದು ಕಡೆ, ಶಕ್ತಿಯ ಹಿರಿಮೆಯನ್ನು ಸಾರುವ ನಾಗೇಶಿ ಮೇಳ ಇನ್ನೊಂದು ಕಡೆ ನಿಂತು ಡಪ್ಪು, ತುಂತುಣಿ, ತಾಳಗಳೊಡನೆ ಇರುಳೆಲ್ಲ ಸವಾಲು-ಜವಾಬು ನಡೆಸುವುದು ಇದರ ಕ್ರಮ. ಎದುರಾಳಿಗೆ ಮೊದಲೇ ಗೊತ್ತಿರುವ ಪದ ಸವಾಲಾಗಿ ಉಳಿಯದು. ಹೀಗಾಗಿ ಮೇಳದ ಹಾಡಿನ ವಹಿ ಮೇಳದ ಬಂಡವಾಳವೇ ಆಗಿತ್ತು. ಗುರುವಿನಿಂದ ಶಿಷ್ಯನಿಗೆ ಬರುವುದಾಗಿತ್ತೇ ಹೊರತು ಕೇಳಿದವರಿಗೆಲ್ಲ ಕೊಡುವುದಾಗಿರಲಿಲ್ಲ. ಲಾವಣಿಯ ಕೊನೆಯ ನುಡಿಯಲ್ಲಿ ಊರು, ಗುರು, ಕವಿಯ ಹೆಸರುಗಳನ್ನು ಹೆಣೆಯುವ ಪದ್ಧತಿಗೂ ಇದೇ ಹಿನ್ನೆಲೆ. ಅದು ಭಕ್ತಿಯ ಗುರುತು ಹೌದು, ಒಡೆತನದ ಮುದ್ರೆಯೂ ಹೌದು. ಹಲಸಂಗಿಯ ಖಾಜಾಭಾಯಿ ಈ ಪರಂಪರೆಯ ಹೆಸರಾಂತ ಲಾವಣಿಕಾರ.

ಇವೆರಡರ ಜೊತೆಗೆ ಮೊಹರಮ್ಮಿನಲ್ಲಿ ಹಿಂದೂ-ಮುಸಲ್ಮಾನರು ಕೂಡಿ ಹಾಡುವ ರಿವಾಯತ ಪದಗಳು, ಭಜನಾ ಮೇಳಗಳ ತತ್ವಪದಗಳು ಇದ್ದವು. ತತ್ವಪದದ ವಹಿಗಳನ್ನು ಮಾತ್ರ ಭಜನೆಯವರು ಉದಾರವಾಗಿ ನಕಲು ಮಾಡಿಕೊಡುತ್ತಿದ್ದರು. ಉಪದೇಶ ಹರಡಬೇಕೆಂಬುದೇ ಅಲ್ಲಿಯ ಉದ್ದೇಶ.

ಗೆಳೆಯರ ಗುಂಪಿನ ಹಿರಿಯ ಚೇತನ ಮಧುರಚೆನ್ನರೆಂದು ಪ್ರಸಿದ್ಧರಾದ ಚೆನ್ನಮಲ್ಲಪ್ಪ ಗಲಗಲಿ (1903–1953). ಚಡಚಣದ ಸಿಂಪಿ ಲಿಂಗಣ್ಣ (1905–1993), ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಇವರು ಒಡನಾಡಿಗಳು. ಎಲ್ಲರೂ ಆ ನೆಲದ ಮಕ್ಕಳು; ಹಾಡಿನ ನಡುವೆ ಬೆಳೆದವರು. ಹೊರಗಿನಿಂದ ಬಂದು ಹಾಡು ಕೇಳುವವನಿಗೆ ಎದುರಾಗುವ ಸಂಕೋಚ ಇವರಿಗೆ ಅಷ್ಟಾಗಿ ಅಡ್ಡಬರುವಂತಿರಲಿಲ್ಲ.

ಇವರಿಗೆ ಮುಂಚೆ ಈ ಭಾಗದ ಲಾವಣಿಗಳು ಅಚ್ಚಾಗಿರಲಿಲ್ಲವೆಂದಲ್ಲ. ಮುಂಬಯಿ ಪ್ರಾಂತದ ಅಧಿಕಾರಿಯೂ ಶಾಸನತಜ್ಞರೂ ಆಗಿದ್ದ ಜೆ.ಎಫ್. ಫ್ಲೀಟರು ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು ಮೊದಲಾದ ವಸ್ತುಗಳ ಲಾವಣಿಗಳನ್ನು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ್ದರು. ಫ್ಲೀಟರ ಉಪಕಾರ ದೊಡ್ಡದು. ಆದರೆ ಆ ಪತ್ರಿಕೆಯ ಓದುಗರು ವಿದ್ವಾಂಸರು ಮತ್ತು ಅಧಿಕಾರಿಗಳು. ಹಾಡಿದವನ ಊರಿಗೆ ಆ ಹಾಡು ಹಿಂದಿರುಗಿ ಬರುವ ದಾರಿ ಅಲ್ಲಿರಲಿಲ್ಲ. ಹಲಸಂಗಿಯವರ ಪ್ರಯತ್ನ ಬೇರೆಯಾಗುವುದು ಈ ಅಂಶದಲ್ಲಿ. ‘ಗರತಿಯ ಹಾಡು’ (1931), ಲಾವಣಿಗಳ ಸಂಕಲನವಾದ ‘ಜೀವನ ಸಂಗೀತ’ (1933), ಕಾಪಸೆ ರೇವಪ್ಪನವರ ‘ಮಲ್ಲಿಗೆ ದಂಡೆ’ (1935) ಈ ಮೂರೂ ಕನ್ನಡದಲ್ಲಿ, ಕನ್ನಡಿಗ ಓದುಗನಿಗಾಗಿ ಬಂದ ಪುಸ್ತಕಗಳು. ಧಾರವಾಡದ ಬೇಂದ್ರೆಯವರ ಸ್ನೇಹ ಈ ಗುಂಪಿಗಿತ್ತು. ‘ಗರತಿಯ ಹಾಡಿ’ಗೆ ಬಿ.ಎಂ. ಶ್ರೀಕಂಠಯ್ಯನವರ ಬರೆಹ ದೊರೆತುದರಿಂದ ಅದು ಹಳೆಯ ಮೈಸೂರಿನ ಸಾಹಿತ್ಯವಲಯದಲ್ಲೂ ಗೌರವ ಪಡೆಯಿತು.

ಹಳಕಟ್ಟಿಯವರ ಕಾರ್ಯದೊಡನೆ ಹೋಲಿಸಿದಾಗ ಇದರ ಸ್ವರೂಪ ಇನ್ನಷ್ಟು ಸ್ಪಷ್ಟವಾಗುತ್ತದೆ. ವಚನದ ಕಟ್ಟುಗಳು ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಪೂಜೆಗೊಳ್ಳುತ್ತಿದ್ದವು. ಅವುಗಳನ್ನು ಪಡೆದು, ನಕಲಿಸಿ, ಪರಿಷ್ಕರಿಸಿ ಅಚ್ಚಿಗೆ ಕೊಡಬೇಕಾಗಿತ್ತು. ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದುದು 1923ರಲ್ಲಿ, ಮುಂದೆ ಹಳಕಟ್ಟಿಯವರು ಮನೆಯನ್ನೇ ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ವಚನಗಳು ಜಗಲಿಯ ಗಂಟಿನಿಂದ ಓದುಗರ ಕೈಗೆ ಬಂದ ಬಗೆ ಇದು. ಅದೇ ದಾರಿಯ ಮುಂದಿನ ಘಟ್ಟದಲ್ಲಿ ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ ಜನಿಸಿದ ಎಂ.ಎಂ. ಕಲಬುರ್ಗಿಯವರು (1938–2015) ಪ್ರಧಾನ ಸಂಪಾದಕರಾಗಿ, ಕರ್ನಾಟಕ ಸರಕಾರ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯವನ್ನು 1993ರಲ್ಲಿ ಪ್ರಕಟಿಸಿತು. ಓಲೆಯಲ್ಲಿದ್ದ ಪಠ್ಯವನ್ನು ಅಚ್ಚು ಬಹುಮಟ್ಟಿಗೆ ಹಾಗೆಯೇ ಹಿಡಿದಿಡಬಲ್ಲದು. ಪ್ರತಿಯೊಂದು ಪ್ರತಿಯ ಮೂಲ ಯಾವುದೆಂದು ಹೇಳಲೂ ಸಾಧ್ಯ.

ಹಾಡಿನಲ್ಲಿ ಹಾಗಲ್ಲ. ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲಿನ ಒಂದು ಭಾಗ ಮರಳಿ ಬರುವುದರಿಂದ ಕಿವಿಗೆ ಅದು ನಾಲ್ಕು ಸಾಲಿನಂತೆ ಕೇಳಿಸುತ್ತದೆ; ಪುಟದಲ್ಲಿ ಮೂರೇ ಸಾಲು. ಒಂದೇ ತ್ರಿಪದಿ ಬೀಸುವಾಗ ಒಂದು ಧಾಟಿ, ತೊಟ್ಟಿಲು ತೂಗುವಾಗ ಇನ್ನೊಂದು, ಮದುವೆಯಲ್ಲಿ ಮತ್ತೊಂದು. ಕಲ್ಲಿನ ಸುತ್ತು ಎಲ್ಲಿ ಮುಗಿಯುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದು ಬರೆಹದಲ್ಲಿ ಇಲ್ಲ. ಲಾವಣಿಯಲ್ಲಂತೂ ಡಪ್ಪಿನ ಪೆಟ್ಟು, ಹಿಮ್ಮೇಳದವರು ಎತ್ತಿಕೊಳ್ಳುವ ಪಲ್ಲವಿ ಇಲ್ಲದೆ ಅರ್ಧವೇ ಉಳಿಯುತ್ತದೆ. ಹಲಸಂಗಿ ಗೆಳೆಯರು ಹಂಚಿದುದು ಹಾಡಿನ ಮಾತನ್ನು, ಧಾಟಿಯನ್ನಲ್ಲ. ಇದನ್ನು ದೋಷವೆನ್ನಲಾಗದು. ಹಳ್ಳಿಯ ಓದುಗನಿಗೆ ಧಾಟಿ ಗೊತ್ತೇ ಇತ್ತು. ಸ್ವರಲಿಪಿ ಕೊಟ್ಟಿದ್ದರೆ ಓದಬಲ್ಲವರು ಆ ಸೀಮೆಯಲ್ಲಿ ಬೆರಳೆಣಿಕೆಯಷ್ಟು.

ದೂರದ ಒಂದು ನಿದರ್ಶನ ಇಲ್ಲಿ ಉಪಯುಕ್ತ. ಅಮೆರಿಕದ ಕರಿಯ ವಾದಕರು ರೂಪಿಸಿದ ರ್‍ಯಾಗ್‌ಟೈಮ್ ಎಂಬ ಪಿಯಾನೋ ಸಂಗೀತ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ವರಲಿಪಿಯ ಬಿಡಿಹಾಳೆಗಳಾಗಿ ಮಾರಾಟವಾಯಿತು. ಸ್ಕಾಟ್ ಜಾಪ್ಲಿನ್ನನ ‘ಮೇಪಲ್ ಲೀಫ್ ರ್‍ಯಾಗ್’ ಪ್ರಕಟವಾದುದು 1899ರಲ್ಲಿ. ಆ ಸಂಗೀತದ ಬೇಡಿಕೆ ಕುಗ್ಗಿದ ಮೇಲೆ ಅನೇಕ ಹಾಳೆಗಳು ವಿರಳವಾದವು. ಮುಂದೆ ಆಸಕ್ತರು ಅವುಗಳನ್ನು ಹುಡುಕಿ ಪ್ರತಿ ತೆಗೆದು ಪರಸ್ಪರ ಹಂಚಿಕೊಂಡರು. ಎಂದೂ ಅದನ್ನು ಕೇಳದ ವಾದಕನೂ ಹಾಳೆ ಸಿಕ್ಕರೆ ನುಡಿಸಬಲ್ಲ. ‘ಜೀವನ ಸಂಗೀತ’ದ ಹಳೆಯ ಪ್ರತಿ ಸಿಕ್ಕವನಿಗೆ ಆ ಅನುಕೂಲವಿಲ್ಲ. ಅವನು ಮತ್ತೆ ಹಾಡುಗಾರನ ಬಳಿಗೇ ಹೋಗಬೇಕು.

ಇನ್ನೊಂದು ವ್ಯತ್ಯಾಸ ಹೆಸರಿಗೆ ಸಂಬಂಧಿಸಿದ್ದು. ಅಚ್ಚಾದ ಲಾವಣಿಯಲ್ಲಿ ಕವಿಯ ಹೆಸರು ಕೊನೆಯ ನುಡಿಯೊಳಗೆ ಹೊಲಿದುಕೊಂಡೇ ಬಂದಿತು. ಯಾರು ಮುದ್ರಿಸಿದರೂ, ಎಷ್ಟು ಸಲ ನಕಲಾದರೂ ಅದು ಕಳಚುವಂತಿಲ್ಲ. ಹಾಡನ್ನು ಬಿಗಿಹಿಡಿದಿದ್ದ ಮೇಳದವನು ಹೀಗೆ ಚರಿತ್ರೆಯಲ್ಲಿ ಉಳಿದ. ಉದಾರವಾಗಿ ಹಾಡಿದ ಹೆಂಗಸಿಗೆ ಅಂಕಿತವಿರಲಿಲ್ಲ. ಅವಳು ‘ಗರತಿ’ ಎಂಬ ಸಾಮಾನ್ಯ ನಾಮದಲ್ಲಿ ಸೇರಿಹೋದಳು. ಈ ಹೆಸರು ಗೌರವದ್ದೇ. ಆದರೂ ಅದು ಸಂಪಾದಕರ ಒಂದು ಆಯ್ಕೆಯನ್ನು ಸೂಚಿಸುತ್ತದೆ: ತವರು, ಗಂಡ, ಮಗು, ವ್ರತಗಳ ಬಾಳನ್ನು ಹಾಡಿದವಳು ಆ ಶೀರ್ಷಿಕೆಯಡಿ ಸಹಜವಾಗಿ ಹೊಂದುತ್ತಾಳೆ, ಬೈಗುಳದ, ಚೇಷ್ಟೆಯ ಪದ ಹೇಳಿದವಳು ಹೊಂದುವುದಿಲ್ಲ. ರಾಷ್ಟ್ರೀಯ ಆಂದೋಲನದ ಆ ವರ್ಷಗಳಲ್ಲಿ ಹಳ್ಳಿಯ ಹೆಣ್ಣಿನ ಘನತೆಯನ್ನು ನಗರದ ಓದುಗರಿಗೆ ಮನಗಾಣಿಸಬೇಕೆಂಬ ಹಂಬಲ ಈ ಆಯ್ಕೆಯ ಹಿಂದೆ ಇದ್ದಂತೆ ತೋರುತ್ತದೆ.

ಗೆಳೆಯರ ಶ್ರಮದ ಫಲ ಬಹುದೂರ ಹೋಯಿತು. ಬಿ.ಎಸ್. ಗದ್ದಗಿಮಠರ ಕಾಲಕ್ಕೆ ಜನಪದ ಗೀತೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಅಧ್ಯಯನದ ವಿಷಯವಾಯಿತು. ಸಿಂಪಿ ಲಿಂಗಣ್ಣನವರು ಕೊಪ್ಪಳದ 62ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಿಂದ ಈ ಭಾಗದ ಧಾಟಿಗಳೂ ಪ್ರಸಾರವಾಗತೊಡಗಿದವು. ಆ ವೇಳೆಗೆ ಹಳ್ಳಿಗಳಿಗೆ ಹಿಟ್ಟಿನ ಗಿರಣಿ ಬರತೊಡಗಿತ್ತು.

ಇಂದಿನ ಸಂಶೋಧಕನಿಗೆ ಈ ಚರಿತ್ರೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕನ ಮರಣದ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ (1992ರ ತಿದ್ದುಪಡಿಗೆ ಮೊದಲು ಇದು 50 ವರ್ಷವಾಗಿತ್ತು). ಈ ಲೆಕ್ಕದಲ್ಲಿ ಮಧುರಚೆನ್ನರ ಸ್ವಂತ ಬರೆಹಗಳು 2014ರ ಆರಂಭದಿಂದ, ಹಳಕಟ್ಟಿಯವರವು 2025ರ ಆರಂಭದಿಂದ ಸಾರ್ವಜನಿಕ ಸ್ವತ್ತು. ಸಿಂಪಿ ಲಿಂಗಣ್ಣನವರ ಬರೆಹಗಳ ಹಕ್ಕಿನ ಅವಧಿ 2053ರ ಕೊನೆಯವರೆಗೆ ಇದೆ. ಹಲವರು ಕೂಡಿ ರಚಿಸಿದ ಕೃತಿಗೆ ಕೊನೆಗೆ ತೀರಿಕೊಂಡವರ ವರ್ಷವೇ ಲೆಕ್ಕಕ್ಕೆ ಬರುವುದರಿಂದ ಗೆಳೆಯರ ಜಂಟಿ ಬರೆಹಗಳ ಮರುಮುದ್ರಣಕ್ಕೆ ಇದನ್ನು ಗಮನಿಸಬೇಕಾಗುತ್ತದೆ. ಪೀಠಿಕೆ, ಟಿಪ್ಪಣಿ, ಜೋಡಣೆಗಳಿಗೆ ಹೀಗೆ ಹಕ್ಕು ಉಂಟು. ಬೀಸುವ ಕಲ್ಲಿನ ಮೇಲಿನ ತ್ರಿಪದಿಗೆ ಅಂದೂ ಇಲ್ಲ, ಇಂದೂ ಇಲ್ಲ. ಹಾಡುಗಾರರ ಪ್ರದರ್ಶನಕ್ಕೆ ಹಕ್ಕನ್ನು ಈ ಕಾಯಿದೆ ಮಾನ್ಯ ಮಾಡಿದುದು 1994ರ ತಿದ್ದುಪಡಿಯಲ್ಲಿ. ಅಂದರೆ ಇಂದು ಸಿಂದಗಿಯ ಅಥವಾ ಮುದ್ದೇಬಿಹಾಳದ ಹಳ್ಳಿಯೊಂದರಲ್ಲಿ ಧ್ವನಿಮುದ್ರಣಕ್ಕೆ ಕೂರುವ ಅಜ್ಜಿಯ ಅನುಮತಿ ಪಡೆಯುವುದು, ಅವಳ ಹೆಸರನ್ನೂ ಊರನ್ನೂ ದಾಖಲಿಸುವುದು ಸಂಗ್ರಾಹಕನ ಕರ್ತವ್ಯ. 1931ರ ಪುಸ್ತಕದಲ್ಲಿ ಹೆಸರಿಲ್ಲದೆ ಉಳಿದವರ ಮೊಮ್ಮಕ್ಕಳು, ಮರಿಮಕ್ಕಳು ಈ ನಾಲ್ಕು ತಾಲೂಕುಗಳಲ್ಲಿ ಇಂದಿಗೂ ಇದ್ದಾರೆ. ಸೀಮಂತ, ತೊಟ್ಟಿಲು, ಮದುವೆಗಳಲ್ಲಿ ಹಾಡುವವರೂ ಅವರೊಳಗಿದ್ದಾರೆ. ಧಾಟಿಗಳನ್ನು ಪಡೆಯಬೇಕಾದುದು ಅವರಿಂದಲೇ.